ಹಾರುವ ಮೊದಲೇ ಕಳಿಸಿದ ಸುದ್ದಿ

ವಿಮಾನ ಬಿದ್ದದ್ದು ಸಂಜೆ ನಾಲ್ಕೂವರೆಗೆ. ಅದು ಯಶಸ್ವಿಯಾಗಿ ಹಾರಿತು ಅಂತ ನಾವು ಪತ್ರಿಕೆಗೆ ಸುದ್ದಿ ಕಳಿಸಿದ್ದು ಮಧ್ಯಾಹ್ನ ಮೂರಕ್ಕೆ.

ಈ ಒಂದೂವರೆ ತಾಸಿನ ಬಗ್ಗೆ ಬರೆಯಲು ನಮಗೆ ಒಂದು ವರ್ಷ ಹಿಡಿಯಿತು.

ನಾವು ಅಂದರೆ ನಾಲ್ಕು ಜನ. ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುವ ಮೂವರು ಹುಡುಗರು, ಜೊತೆಗೆ ಅವರಲ್ಲೊಬ್ಬನ ಅಣ್ಣನಾದ ಒಬ್ಬ ಪತ್ರಕರ್ತ. ಹುಡುಗರದ್ದು ಕಬ್ಬಿಣದ ಡಿಪ್ಲೊಮಾ, ಪತ್ರಕರ್ತನದ್ದು ಕಾಗದದ್ದು. ಜಿಲ್ಲಾ ಸ್ಟ್ರಿಂಗರ್ ಕೆಲಸ ಹೇಗಿರುತ್ತದೆ ಅಂತ ಈ ಬ್ಲಾಗ್ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಸಂಬಳವಿಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಲೆಕ್ಕ. ಅಚ್ಚಾಗದಿದ್ದರೆ ಬೈಕಿನ ಪೆಟ್ರೋಲೂ ಕೈಯಿಂದಲೇ.

ನಮ್ಮೂರು ಸಾಗರದ ಕಡೆ. ಹುಡುಗರು ಎರಡು ವರ್ಷದಿಂದ ರಿಮೋಟಿನಲ್ಲಿ ಹಾರುವ ವಿಮಾನ ಕಟ್ಟುತ್ತಿದ್ದರು. ಪ್ಲೈವುಡ್, ಬಾಲ್ಸಾ ಮರ, ಅಂಟು. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಎರಡು ಮೀಟರಿಗೆ ಸ್ವಲ್ಪ ಹೆಚ್ಚು, ತೂಕ ಆರು ಕಿಲೋ ಮೀರಿತ್ತು. ಬ್ಯಾಟರಿಯದ್ದಲ್ಲ, ಪೆಟ್ರೋಲಿನದು. 30 ಸಿ.ಸಿ. ಟೂ ಸ್ಟ್ರೋಕ್ ಎಂಜಿನ್ನನ್ನು ಬೆಂಗಳೂರಿನ ಹವ್ಯಾಸಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು. ದುಡ್ಡು ನಮ್ಮ ಅಪ್ಪನದು, ಅಡಿಕೆ ಮಂಡಿಯಲ್ಲಿ ಮುಂಗಡ ಎತ್ತಿದ್ದರಲ್ಲಿ ಕೊಟ್ಟದ್ದು. "ಹಾರದಿದ್ರೆ ಎಂಜಿನ್ ಮಾರಿ ದುಡ್ಡು ವಾಪಸ್ ಕೊಡಿ" ಅಂತ ಮೊದಲೇ ಹೇಳಿದ್ದರು.

ಜನವರಿ ಕೊನೆಯ ಒಂದು ದಿನ ಗೊತ್ತು ಮಾಡಿದೆವು. ಕೊಯ್ಲಾದ ಗದ್ದೆ ಬಯಲು. ಡ್ರೋನ್ ನಕ್ಷೆಯಲ್ಲಿ ಹಸಿರು ವಲಯ. ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿದ್ದೆವು. ಆ ದಿನ ಡೆಸ್ಕಿನಿಂದ ಫೋನು ಬಂತು: ಪುಟ ಬೇಗ ಮುಗಿಸಬೇಕು, ಮೂರರೊಳಗೆ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾರಾಟ ಇದ್ದದ್ದು ನಾಲ್ಕಕ್ಕೆ. ಸನ್ಮಾನ, ಉದ್ಘಾಟನೆಗಳ ಸುದ್ದಿಯನ್ನು ಆಮಂತ್ರಣ ಪತ್ರಿಕೆ ನೋಡಿಯೇ ಬರೆದಿಟ್ಟುಕೊಳ್ಳುವ ಅಭ್ಯಾಸ ನಮಗೆಲ್ಲ ಇದ್ದೇ ಇದೆ. ಸಚಿವರು ಬರುವ ಮೊದಲೇ "ಸಚಿವರು ಹೇಳಿದರು" ಅಂತ ಬರೆದವರು ನಾವೇ. ಹಾಗೇ "ಗ್ರಾಮೀಣ ವಿದ್ಯಾರ್ಥಿಗಳು ತಯಾರಿಸಿದ ವಿಮಾನ ಯಶಸ್ವಿಯಾಗಿ ಹಾರಾಟ ನಡೆಸಿತು" ಎಂದು ಬರೆದು, ಅಂಗಳದಲ್ಲಿ ತೆಗೆದ ಫೋಟೋ ಸೇರಿಸಿ ಕಳಿಸಿದೆವು.

ಬಯಲಿನಲ್ಲಿ ಜಾತ್ರೆಯಷ್ಟು ಅಲ್ಲದಿದ್ದರೂ ಜನ ಸೇರಿದ್ದರು. ಎಂಜಿನ್ ಚಾಲೂ ಆಯಿತು. ಪಂಚಾಯಿತಿಯವರು ಬಂದು ರಿಮೋಟು ಹಿಡಿದು ನಿಂತರು, ಫೋಟೋ. ಶಾಲೆ ಮಕ್ಕಳು, ಫೋಟೋ. ವಿಡಿಯೋದಲ್ಲಿ ಸದ್ದು ಚೆನ್ನಾಗಿ ಬರಲಿ ಅಂತ ಪತ್ರಕರ್ತನೇ ಹೇಳಿ ಎರಡು ಮೂರು ಸಲ ಜೋರು ಮಾಡಿಸಿದ. ಏಳೆಂಟು ನಿಮಿಷ ಹೀಗೇ ಹೋಯಿತು. ಈ ಏಳೆಂಟು ನಿಮಿಷವನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ವಿಮಾನ ಓಡಿತು, ಎದ್ದಿತು, ಮೂಗು ಮೇಲೆ ಮಾಡಿ ಏರಿತು. ಎಲ್ಲರೂ ಕೂಗಿದರು. ತೋಟದ ತಲೆ ದಾಟುವಾಗ ಸದ್ದು ಸಣ್ಣಗಾಗಿ ಕೀರಲಾಯಿತು, ಮರುಗಳಿಗೆ ಸದ್ದೇ ಇಲ್ಲ. ಹಾರಿದ್ದು ನಲವತ್ತು ಸೆಕೆಂಡು, ವಿಡಿಯೋ ನೋಡಿ ಲೆಕ್ಕ ಹಾಕಿದ್ದೇವೆ. ಹುಡುಗ ಬಯಲಿನ ಕಡೆ ತಿರುಗಿಸಲು ಹೋದ. ವೇಗ ಸಾಲಲಿಲ್ಲ. ವಿಮಾನ ಒಂದು ರೆಕ್ಕೆ ಕೆಳಗೆ ಮಾಡಿ ಜಾರಿ ಒಬ್ಬ ಅಜ್ಜಿಯ ಅಂಗಳಕ್ಕೆ ಬಿತ್ತು, ಒಣಗಲು ಹರವಿದ ಅಡಿಕೆಯ ಮೇಲೆ.

ಅಜ್ಜಿ ಅಡಿಕೆ ಕೆದಕುತ್ತಿದ್ದವರು ನೀರು ಕುಡಿಯಲು ಆಗಷ್ಟೇ ಒಳಗೆ ಹೋಗಿದ್ದರು.

ನಾವು ಓಡಿ ಹೋಗುವಷ್ಟರಲ್ಲಿ ಅವರು ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದರು. ಬೈಯಲಿಲ್ಲ. "ಯಾರಿಗೂ ಏನೂ ಆಗ್ಲಿಲ್ಲ ಅಲ್ದಾ?" ಅಂತ ಅವರೇ ನಮ್ಮನ್ನು ಕೇಳಿದರು. ರೆಕ್ಕೆ ಎರಡು ತುಂಡು, ಮರದ ಪ್ರೊಪೆಲ್ಲರ್ ಚೂರು. ಕಿತ್ತ ಪೈಪಿನಿಂದ ಪೆಟ್ರೋಲ್ ಸುರಿದು ಮೂರು ನಾಲ್ಕು ಬುಟ್ಟಿಯಷ್ಟು ಅಡಿಕೆ ಆಯಿಲ್ ವಾಸನೆ ಹೊಡೆಯುತ್ತಿತ್ತು. ಅದರ ದುಡ್ಡು ಮಂಡಿ ರೇಟಿನಲ್ಲಿ ಕೊಟ್ಟೆವು. ಕೊಡುವಾಗ ನಮ್ಮ ಕೈ ನಡುಗುತ್ತಿತ್ತು. ದುಡ್ಡು ಹೋಯಿತೆಂದಲ್ಲ. ಆರು ಕಿಲೋ ತೂಕ, ಮುಂದೆ ತಿರುಗುವ ಕತ್ತಿಯಂಥ ಪ್ರೊಪೆಲ್ಲರ್, ಒಂದು ಚೊಂಬು ನೀರು.

ಮರುದಿನ ಪತ್ರಿಕೆಯಲ್ಲಿ ಮೂರು ಕಾಲಂ ಸುದ್ದಿ ಬಂತು, ಫೋಟೋ ಸಮೇತ. ಡೆಸ್ಕಿಗೆ ಫೋನು ಮಾಡಿ "ಅದು ಬಿದ್ದಿದೆ, ತಿದ್ದುಪಡಿ ಹಾಕಬೇಕು" ಅಂದೆವು. "ಹಾರಿದ್ದು ಹೌದಲ್ವಾ? ಹಾಗಿದ್ರೆ ಬಿಡಿ" ಅಂದರು. ಪಾಲಿಟೆಕ್ನಿಕ್ಕಿನ ನೋಟಿಸ್ ಬೋರ್ಡಿನಲ್ಲಿ ಅದನ್ನು ಅಂಟಿಸಿದರು. ಅಮ್ಮ ಕತ್ತರಿಸಿ ದೇವರ ಗೂಡಿನ ಪಕ್ಕ ಸಿಕ್ಕಿಸಿದಳು. ಹುಡುಗರು ಅದರ ಕಡೆ ನೋಡದೆ ಊಟಕ್ಕೆ ಕೂರುತ್ತಿದ್ದರು.

ಎಂಜಿನ್ ಯಾಕೆ ನಿಂತಿತು ಅಂತ ತಿಳಿಯದೆ ಮತ್ತೆ ಹಾರಿಸುವುದಿಲ್ಲ ಅಂತ ತೀರ್ಮಾನವಾಯಿತು. ಊರಿನವರ ತೀರ್ಮಾನ ಮಾತ್ರ ಅವತ್ತೇ ಆಗಿತ್ತು: "ಈಗಿನ ಪೆಟ್ರೋಲೇ ಸರಿ ಇಲ್ಲ ಮಾರಾಯ."

ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ನಮ್ಮ ಕಬ್ಬಿನ ಜಿಲ್ಲೆಗಳ ಕಾರ್ಖಾನೆಗಳೂ ಎಥನಾಲ್ ಮಾಡುತ್ತವೆ. ಎಥನಾಲ್ ಒಂದು ಬಗೆಯ ಸಾರಾಯಿಯೇ ಅಲ್ಲವೇ, ಅದಕ್ಕೆ ನೀರೆಂದರೆ ಪ್ರೀತಿ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲನ್ನು ಬಿಟ್ಟು ಡಬ್ಬಿಯ ತಳಕ್ಕೆ ಇಳಿಯುತ್ತವೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ತಳದ್ದನ್ನು ಎಂಜಿನ್ ಎಳೆದುಕೊಂಡರೆ ಅದರಲ್ಲಿ ಜಿಡ್ಡೇ ಇಲ್ಲ, ಪಿಸ್ಟನ್ ಜಾಮ್. ಮಳೆಗಾಲ ಪೂರ್ತಿ ವೀಡ್ ಕಟ್ಟರಿನಲ್ಲೇ ಪೆಟ್ರೋಲ್ ಬಿಟ್ಟು ದೀಪಾವಳಿಗೆ ಹಗ್ಗ ಎಳೆಯುವವರು ಇದನ್ನು ಕೇಳಿಸಿಕೊಳ್ಳಬೇಕು.

ನಾವು ಪರೀಕ್ಷೆ ಮಾಡಿದೆವು. ಲ್ಯಾಬಿನಿಂದ ತಂದ ಅಳತೆ ಜಾಡಿಗೆ 10 ಮಿ.ಲೀ. ನೀರು, ಅದರ ಮೇಲೆ 100 ಮಿ.ಲೀ. ಪೆಟ್ರೋಲ್. ಮುಚ್ಚಿ ಅಲುಗಾಡಿಸಿ ಬಿಟ್ಟರೆ ಎಥನಾಲ್ ಹೋಗಿ ನೀರಿಗೆ ಸೇರಿಕೊಳ್ಳುತ್ತದೆ, ತಳದ ಪದರ ಏರುತ್ತದೆ. 30ರ ಹತ್ತಿರ ಬಂದು ನಿಂತಿತು. ಅಂದರೆ 20 ಅಂತ ಹೇಳಿದ್ದು 20ರ ಹತ್ತಿರವೇ ಇದೆ, ಬಂಕಿನವರು ಮೋಸ ಮಾಡಿರಲಿಲ್ಲ. (ಇದನ್ನು ಮಾಡುವವರು ಒಲೆ, ಬೀಡಿ ಯಾವುದೂ ಇಲ್ಲದ ಕಡೆ ಮಾಡಿ.) ಆದರೆ ನಮ್ಮ ಡಬ್ಬಿಯದ್ದು ದೀಪಾವಳಿ ಹೊತ್ತಿಗೆ ಬೆರೆಸಿಟ್ಟ ಹಳೇ ಪೆಟ್ರೋಲು. ಅದನ್ನು ಬಿಟ್ಟು ಹೊಸದು ತಂದು, ಲೀಟರಿಗೆ 25 ಮಿ.ಲೀ. ಟೂ ಟಿ ಆಯಿಲ್ ಲೆಕ್ಕದಲ್ಲಿ ಬೆರೆಸಿದೆವು. ರೆಕ್ಕೆ ರಿಪೇರಿಯಾಗುವವರೆಗೆ ಬರೀ ಮೈಗೇ ಎಂಜಿನ್ ಕೂರಿಸಿ, ಬಾಲವನ್ನು ಹಲಸಿನ ಮರಕ್ಕೆ ಕಟ್ಟಿ ಓಡಿಸಿದೆವು. ಐದಾರು ನಿಮಿಷ ಚೆನ್ನಾಗಿ ಓಡಿ, ಮೂಗು ಸ್ವಲ್ಪ ಎತ್ತಿದ ಕೂಡಲೇ ಕೀರಲು ಸದ್ದು ಮಾಡಿ ನಿಂತಿತು. ಪೆಟ್ರೋಲಿನ ಮೇಲೆ ಹೊರಿಸಿದ್ದ ತಪ್ಪು ಅಲ್ಲಿಗೆ ಬಿದ್ದುಹೋಯಿತು.

ಆ ಕೀರಲು ಸದ್ದಿಗೆ ಅರ್ಥವಿದೆ. ಎಂಜಿನ್ನಿಗೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದಾಗ ಅದು ಸಾಯುವ ಮೊದಲು ಒಂದು ಗಳಿಗೆ ವೇಗ ಏರಿಸಿಕೊಳ್ಳುತ್ತದೆ. ದೀಪ ಆರುವ ಮೊದಲು ಉರಿದ ಹಾಗೆ. ಪೆಟ್ರೋಲ್ ಹೆಚ್ಚಾದರೆ ಬೇರೆ: ದಪ್ಪ ಸದ್ದು, ಹೊಗೆ, ಪ್ಲಗ್ಗು ಒದ್ದೆ. ನಮ್ಮದು ಉಪವಾಸದ ಕೇಸು ಅಂತ ಗೊತ್ತಾಯಿತು. ಹುಡುಗರು ಕಾರ್ಬ್ಯುರೇಟರಿನ ಜೋರಿನ ಸ್ಕ್ರೂ, ಅಂದರೆ 'ಎಚ್' ಅಂತ ಬರೆದದ್ದನ್ನು ಕಾಲು ಸುತ್ತು ಬಿಚ್ಚಿದರು. ಹೊಗೆ ಹೆಚ್ಚಾಯಿತು, ಅಷ್ಟೇ. ಐದಾರು ನಿಮಿಷಕ್ಕೆ ಮತ್ತೆ ಅದೇ ಕಥೆ. ಇನ್ನೂ ಕಾಲು ಸುತ್ತು. ಮರದ ಕೆಳಗೆ ಸೊಳ್ಳೆ ಓಡಿಸುವ ಹೊಗೆ ಹಾಕಿದಂತಾಯಿತೇ ಹೊರತು ರೋಗ ಹೋಗಲಿಲ್ಲ. ಸ್ಕ್ರೂ ತಿರುಗಿಸುವುದು ಸುಲಭ, ಅದಕ್ಕೇ ಎಲ್ಲರೂ ಮೊದಲು ಅದನ್ನೇ ತಿರುಗಿಸುತ್ತಾರೆ.

ಆಗ ನಾವು ಪೇಟೆಯಲ್ಲಿ ವೀಡ್ ಕಟ್ಟರ್, ಸ್ಪ್ರೇಯರ್ ರಿಪೇರಿ ಮಾಡುವ ಮೇಸ್ತ್ರಿಯ ಹತ್ತಿರ ಹೋದೆವು. ಹೋಗಲು ಹುಡುಗರಿಗೆ ಮನಸ್ಸಿರಲಿಲ್ಲ. "ವಿಮಾನದ ಎಂಜಿನ್ ಅಣ್ಣ ಇದು, ಅವರಿಗೆ ಹೇಗೆ ಗೊತ್ತಾಗ್ತದೆ?" ಅಂದರು. ಮೇಸ್ತ್ರಿ ಎಂಜಿನ್ ತಿರುಗಿಸಿ ನೋಡಿ ನಕ್ಕರು. "ಇದು ನಮ್ಮ ಕಟ್ಟರಿನ ಕಾರ್ಬ್ಯುರೇಟರೇ ಅಲ್ವೇನ್ರೋ!"

ನಿಜ. ಆಟದ ವಿಮಾನಕ್ಕೆ ಪೆಟ್ರೋಲ್ ಎಂಜಿನ್ ಹೊಸದಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲೇ ಬ್ರೌನ್ ಜೂನಿಯರ್ ಎಂಬ ಪುಟ್ಟ ಪೆಟ್ರೋಲ್ ಎಂಜಿನ್ ಮಾರಾಟಕ್ಕಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮೆಥನಾಲಿನಲ್ಲಿ ಓಡುವ ಸಣ್ಣ ಗ್ಲೋ ಎಂಜಿನ್ನುಗಳು ಬಂದು ಅದನ್ನು ಬದಿಗೆ ತಳ್ಳಿದವು. ಮುಂದೆ ದೊಡ್ಡ ವಿಮಾನ ಕಟ್ಟುವವರು ಮತ್ತೆ ಪೆಟ್ರೋಲಿಗೆ ಬಂದಾಗ ಕೈಗೆ ಸಿಕ್ಕಿದ್ದು ಮರ ಕೊಯ್ಯುವ, ಹುಲ್ಲು ಕೊಚ್ಚುವ ಯಂತ್ರಗಳ ಎಂಜಿನ್ನುಗಳು. ಜಪಾನಿನ ಝೆನೋವಾ ಹುಲ್ಲು ಕೊಚ್ಚುವ ಯಂತ್ರವನ್ನೂ ವಿಮಾನದ ಎಂಜಿನ್ನನ್ನೂ ಮಾಡಿದ ಹೆಸರು. ವಾಲ್‌ಬ್ರೋ ಕಾರ್ಬ್ಯುರೇಟರು ಎರಡು ಕಡೆಯೂ ಕೂರುತ್ತದೆ.

ಬೈಕಿನ ಕಾರ್ಬ್ಯುರೇಟರಿನಲ್ಲಿ ತೇಲುವ ಫ್ಲೋಟ್ ಇರುತ್ತದೆ, ಅದು ನೆಟ್ಟಗೆ ಇರಬೇಕು. ಕಟ್ಟರನ್ನು ಹೇಗೆ ಬೇಕಾದರೂ ಓರೆ ಹಿಡಿಯುತ್ತೇವೆ, ವಿಮಾನ ಅಡಿಮೇಲಾಗುತ್ತದೆ. ಅದಕ್ಕೇ ಇವೆರಡರಲ್ಲೂ ಫ್ಲೋಟಿನ ಬದಲು ತೆಳ್ಳಗಿನ ಪೊರೆ, ಡಯಾಫ್ರಂ. ಎಂಜಿನ್ನಿನ ಹೊಟ್ಟೆಯೊಳಗೆ ಪಿಸ್ಟನ್ ಮೇಲೆ ಕೆಳಗೆ ಹೋದಂತೆ ಒತ್ತಡ ಏರಿಳಿಯುತ್ತದಲ್ಲ, ಆ ಮಿಡಿತಕ್ಕೆ ಒಂದು ಪೊರೆ ಬಡಿದುಕೊಂಡು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಪೊರೆ ಪುಟ್ಟ ಸನ್ನೆಯನ್ನು ಒತ್ತಿ ಎಷ್ಟು ಬೇಕೋ ಅಷ್ಟೇ ಒಳಗೆ ಬಿಡುತ್ತದೆ. ಈ ಎರಡನೆಯ ಪೊರೆಯ ಹಿಂದಿನ ಮುಚ್ಚಳದಲ್ಲಿ ಸೂಜಿ ಮೊನೆಯಷ್ಟು ತೂತು ಇರುತ್ತದೆ, ಹೊರಗಿನ ಗಾಳಿಗೆ. ಅದಕ್ಕೆ ಮಣ್ಣು ಮೆತ್ತಿದರೂ ಲೆಕ್ಕ ತಪ್ಪುತ್ತದೆ.

ಮೇಸ್ತ್ರಿ ಬಿಚ್ಚಿದರು. ಪಂಪಿನ ಮುಚ್ಚಳದಡಿ ಕಾಳುಮೆಣಸಿಗಿಂತ ಚಿಕ್ಕ ಜಾಲರಿ, ಅದರಲ್ಲಿ ಎರಡು ನಾರು. ನಮಗೆ ಕುಣಿಯುವಷ್ಟು ಸಂತೋಷವಾಯಿತು. ಮೇಸ್ತ್ರಿಗೆ ಆಗಲಿಲ್ಲ. "ಇಷ್ಟಕ್ಕೆ ಎಂಜಿನ್ ಸಾಯೋದಿಲ್ಲ" ಅಂದರು. ರಬ್ಬರ್ ಪೊರೆಯನ್ನು ಉಗುರಿನಲ್ಲಿ ಒತ್ತಿ, ಅದು ಒಣಗಿ ಬಿರುಸಾಗಿದೆ ಅಂತ ತೋರಿಸಿದರು. ಕಟ್ಟರಿಗೆ ಹಾಕುವ ಡಯಾಫ್ರಂ ಕಿಟ್ಟನ್ನೇ ಹಾಕಿದರು. ಅಂಗಡಿಯ ಹಲಗೆಗೆ ಎಂಜಿನ್ ಬಿಗಿದು, ತಮ್ಮದೇ ಬಾಟಲಿಯಿಂದ ಪೈಪು ಕೊಟ್ಟು ಓಡಿಸಿದರು. ಬಾಟಲಿ ಖಾಲಿಯಾಗುವವರೆಗೆ, ಹದಿನೈದು ನಿಮಿಷ, ಒಮ್ಮೆಯೂ ಕೆಮ್ಮಲಿಲ್ಲ.

ಮನೆಗೆ ತಂದು ವಿಮಾನಕ್ಕೆ ಕೂರಿಸಿ, ಹಲಸಿನ ಮರಕ್ಕೆ ಕಟ್ಟಿ ಓಡಿಸಿದೆವು. ಆರು ನಿಮಿಷಕ್ಕೆ ನಿಂತಿತು.

ಆ ರಾತ್ರಿ ಅಪ್ಪ ಏನೂ ಅನ್ನಲಿಲ್ಲ. ಊಟ ಮುಗಿಸಿ ಏಳುವಾಗ "ಎಂಜಿನ್ ತಗೊಳ್ಳೋರು ಯಾರಾದ್ರೂ ಇದ್ರೆ ನೋಡಿ" ಅಂದರು. ಮುಂಗಡ ತೀರಿಸುವ ಹೊತ್ತು ಬಂದಿತ್ತು. ಅವರ ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಬೆಳಿಗ್ಗೆ ಮೇಸ್ತ್ರಿಗೆ ಫೋನು ಮಾಡಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ. "ನನ್ನ ಬಾಟಲಿಯಲ್ಲಿ ಓಡಿದ್ದು ನಿಮ್ಮ ಟ್ಯಾಂಕಲ್ಲಿ ಓಡೋದಿಲ್ಲ. ಹಾಗಾದ್ರೆ ಎಂಜಿನ್ ಯಾಕೆ ಬಿಚ್ತೀರಿ?"

ನಾಚಿಕೆಯಾಯಿತು. ಇಷ್ಟು ದಿನ ಟ್ಯಾಂಕನ್ನು ಮುಟ್ಟಿಯೇ ಇರಲಿಲ್ಲ. ಅದು ನೋಡಲು ಹೊಸದರಂತಿತ್ತು, ಬಿಳಿ ಪ್ಲಾಸ್ಟಿಕ್, ಅರ್ಧ ಲೀಟರಿನದು. ಬಿದ್ದಾಗಲೂ ಒಡೆದಿರಲಿಲ್ಲ. "ಕಟ್ಟರ್ ಇಳಿಜಾರಲ್ಲಿ ನಿಲ್ತದೆ ಅಂತ ಬರ್ತಾರೆ ಜನ" ಅಂತ ಮೇಸ್ತ್ರಿ ಮುಂದುವರಿಸಿದರು. "ಟ್ಯಾಂಕು ತುಂಬಿದ್ದಾಗ ನಿಲ್ಲೋದಿಲ್ಲ, ಅರ್ಧ ಆದ ಮೇಲೆ ಓರೆ ಮಾಡಿದ್ರೆ ನಿಲ್ತದೆ. ಒಳಗಿನ ಪೈಪು ಸೀಳಿರ್ತದೆ. ನೀವೂ ತುಂಬಿಸಿ ನೋಡಿ, ಆಮೇಲೆ ಇಳಿಸಿ ನೋಡಿ."

ನೋಡಿದೆವು. ಟ್ಯಾಂಕು ಪೂರ್ತಿ ತುಂಬಿಸಿ, ಜೋರಿನಲ್ಲಿ ಓಡಿಸಿ, ಇಬ್ಬರು ರೆಕ್ಕೆಯ ಹಿಂದೆ ನಿಂತು ಮೂಗು ಎತ್ತಿದರು. (ಪ್ರೊಪೆಲ್ಲರಿನ ಮುಂದೆ, ಪಕ್ಕದಲ್ಲಿ ಯಾರೂ ಇರಕೂಡದು, ಬೆರಳು ಹೋದರೆ ಬರುವುದಿಲ್ಲ.) ಏನೂ ಆಗಲಿಲ್ಲ. ನಿಲ್ಲಿಸಿ, ಮೂರರಲ್ಲೊಂದು ಪಾಲು ಪೆಟ್ರೋಲ್ ಹೊರತೆಗೆದೆವು. ಮತ್ತೆ ಓಡಿಸಿ ಮೂಗು ಎತ್ತಿದೆವು. ಹತ್ತು ಎಣಿಸುವಷ್ಟರಲ್ಲಿ ಕೀರಲು ಸದ್ದು, ಮೌನ. ಮೂಗು ಇಳಿಸಿ ಮತ್ತೆ ಮಾಡಿದರೂ ಅದೇ. ಎಂಜಿನ್ ಸತ್ತದ್ದಕ್ಕೆ ನಾಲ್ಕು ಜನ ಕುಣಿದದ್ದು ನಮ್ಮಂಗಳದಲ್ಲಿ ಅದೇ ಮೊದಲು.

ಟ್ಯಾಂಕಿನ ಬಿರಡೆ ಕಿತ್ತೆವು. ಈ ಟ್ಯಾಂಕಿನೊಳಗೆ ಒಂದು ಮೆತ್ತನೆಯ ಪೈಪು ಇರುತ್ತದೆ. ಅದರ ಒಂದು ತುದಿ ಮುಂದೆ ಬಿರಡೆಯ ಹಿತ್ತಾಳೆ ಕೊಳವೆಗೆ ಸಿಕ್ಕಿರುತ್ತದೆ, ಇನ್ನೊಂದು ತುದಿಯಲ್ಲಿ ಭಾರದ ಗುಂಡು. ವಿಮಾನ ಹೇಗೆ ಹೊರಳಿದರೂ ಗುಂಡು ಪೆಟ್ರೋಲ್ ಇದ್ದ ಕಡೆ ಬೀಳಬೇಕು, ಬಾವಿಗೆ ಬಿಟ್ಟ ಕೊಡದ ಹಾಗೆ. ನಮ್ಮ ಪೈಪು ನೀರಲ್ಲಿ ನೆನೆದ ಬೆರಳಿನಂತೆ ಊದಿ ಲೊಳಲೊಳ ಆಗಿತ್ತು. ಹಿತ್ತಾಳೆ ಕೊಳವೆಯ ಅಂಚಿನಲ್ಲಿ ಉಗುರಿನಷ್ಟುದ್ದ ಸೀಳು.

ಅದು ಸಿಲಿಕಾನ್ ಪೈಪು. ಹುಡುಗರ ಹಳೆಯ ಗ್ಲೋ ಎಂಜಿನ್ ವಿಮಾನದ್ದು, ಮೆಥನಾಲಿನಲ್ಲಿ ಎರಡು ವರ್ಷ ಏನೂ ಆಗದೆ ಇದ್ದದ್ದು. ಮೆಥನಾಲನ್ನು ತಾಳುವ ಸಿಲಿಕಾನ್ ಪೆಟ್ರೋಲನ್ನು ತಾಳುವುದಿಲ್ಲ, ಅದನ್ನು ಕುಡಿದು ಊದಿ ಮೆತ್ತಗಾಗುತ್ತದೆ. ಇಷ್ಟೇ ವಿಷಯ. ಹೊರಗಿನ ಪೈಪನ್ನು ಬದಲಿಸಿದ್ದರು, ಒಳಗಿನದು ಕಣ್ಣಿಗೆ ಕಾಣುವುದಿಲ್ಲವಲ್ಲ, ಬಿಟ್ಟಿದ್ದರು.

ಈಗ ಆ ದಿನ ನಡೆದದ್ದು ಬಿಡಿಬಿಡಿಯಾಗಿ ಕಂಡಿತು. ಟ್ಯಾಂಕು ತುಂಬಿರುವಾಗ ಸೀಳು ಪೆಟ್ರೋಲಿನಲ್ಲಿ ಮುಳುಗಿರುತ್ತದೆ, ಸೀಳಿನಿಂದ ಒಳಹೋಗುವುದೂ ಪೆಟ್ರೋಲೇ. ಅದಕ್ಕೇ ಹಿಂದಿನ ದಿನಗಳಲ್ಲಿ ಎರಡು ಮೂರು ನಿಮಿಷ ಓಡಿಸಿ ನೋಡಿದಾಗ ಏನೂ ಗೊತ್ತಾಗಲಿಲ್ಲ. ಮಟ್ಟ ಇಳಿದು, ಮೂಗು ಮೇಲಾಗಿ ಪೆಟ್ರೋಲ್ ಹಿಂದಕ್ಕೆ ಸರಿದರೆ ಮುಂದಿನ ಸೀಳು ಬಯಲಾಗುತ್ತದೆ. ಗುಂಡು ಪೆಟ್ರೋಲಿನಲ್ಲೇ ಬಿದ್ದಿದ್ದರೂ ಎಂಜಿನ್ ಎಳೆಯುವುದು ಸೀಳಿನ ಗಾಳಿಯನ್ನು. ಅಜ್ಜಿಯ ಅಡಿಕೆಯ ಮೇಲೆ ಪೆಟ್ರೋಲ್ ಸುರಿದದ್ದನ್ನು ನೋಡಿಯೂ, ಟ್ಯಾಂಕಿನಲ್ಲಿ ಪೆಟ್ರೋಲ್ ಇರುವಾಗಲೇ ಎಂಜಿನ್ ಹಸಿವಿನಿಂದ ಸತ್ತಿತು ಅಂತ ನಮಗೆ ಹೊಳೆದಿರಲಿಲ್ಲ.

ಮಟ್ಟ ಇಳಿದದ್ದು ಯಾಕೆ? ಹಾರುವ ಮೊದಲು ಏಳೆಂಟು ನಿಮಿಷ ಫೋಟೋಕ್ಕೆ, ವಿಡಿಯೋಕ್ಕೆ ಎಂಜಿನ್ ಓಡಿಸಿದ್ದರಿಂದ. ಹುಡುಗರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಫೋಟೋ ಇಲ್ಲದಿದ್ದರೂ ವಿಮಾನ ಇನ್ನೈದು ನಿಮಿಷ ಹೆಚ್ಚು ಹಾರಿ, ಇನ್ನೂ ಎತ್ತರದಿಂದ, ಇನ್ನೆಲ್ಲೋ ಬೀಳುತ್ತಿತ್ತು ಅಂತ ಸಮಾಧಾನ ಮಾಡಿಕೊಳ್ಳಬಹುದು. ಆ ಸಮಾಧಾನವನ್ನೂ ಪ್ರಯತ್ನಿಸಿದ್ದೇವೆ, ನಾಲ್ಕು ದಿನ ನಿಂತಿತು.

ಮೇಸ್ತ್ರಿ ಕಟ್ಟರಿಗೆ ಹಾಕುವ ಹಳದಿ ಪಾರದರ್ಶಕ ಪೈಪನ್ನು ಒಂದಡಿ ಕತ್ತರಿಸಿ ಕೊಟ್ಟರು. ಹುಡುಗರು ಪೆಟ್ರೋಲ್ ತಾಳುವ ಬಿರಡೆಯನ್ನೂ ತರಿಸಿದರು. ಟ್ಯಾಂಕು ಜೋಡಿಸಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಗಾಳಿ ಕೊಳವೆಗೆ ಬೆರಳು ಅಡ್ಡ ಹಿಡಿದು ಊದಿದೆವು. ಒಂದು ಗುಳ್ಳೆಯೂ ಬರಲಿಲ್ಲ. ಎಂಜಿನ್ ಓಡುವಾಗ ಹೊರಗಿನ ಪೈಪಿನಲ್ಲಿ ಗುಳ್ಳೆಗಳ ಮೆರವಣಿಗೆ ಇದೆಯೇ ಅಂತ ನೋಡುವುದನ್ನೂ ಮೇಸ್ತ್ರಿಯೇ ಹೇಳಿಕೊಟ್ಟರು. ಪಾರದರ್ಶಕ ಪೈಪಿನ ಉಪಯೋಗವೇ ಅದು. ನಿಮ್ಮ ಮನೆಯ ಕಟ್ಟರು ಇಳಿಜಾರಿನಲ್ಲಿ ನಿಲ್ಲುತ್ತಿದ್ದರೆ, ಸ್ಕ್ರೂ ಮುಟ್ಟುವ ಮೊದಲು ಟ್ಯಾಂಕಿನೊಳಗಿನ ಪೈಪನ್ನು ಹೊರಗೆಳೆದು ಬೆರಳಲ್ಲಿ ಬಗ್ಗಿಸಿ ನೋಡಿ. ಸಣ್ಣ ಕೆಲಸ, ಸಣ್ಣ ಖರ್ಚು. ಬಿಚ್ಚಿದ್ದ 'ಎಚ್' ಸ್ಕ್ರೂವನ್ನು ನಾವು ಮತ್ತೆ ಹಿಂದಕ್ಕೆ ತಂದೆವು, ಪೂರ್ತಿ ಅಲ್ಲ. ಮೇಲೆ ಹೋದಾಗ ಪ್ರೊಪೆಲ್ಲರಿಗೆ ಭಾರ ಕಡಿಮೆಯಾಗಿ ಎಂಜಿನ್ ಇನ್ನಷ್ಟು ತಿರುಗುತ್ತದೆ, ಅದಕ್ಕೆ ನೆಲದಲ್ಲಿ ಒಂದು ಗುಟುಕು ಹೆಚ್ಚೇ ಕೊಟ್ಟಿರಬೇಕು.

ಎರಡನೇ ಹಾರಾಟ ಏಪ್ರಿಲ್‌ನಲ್ಲಿ, ಬೆಳಿಗ್ಗೆ ಆರೂವರೆಗೆ. ಯಾರನ್ನೂ ಕರೆಯಲಿಲ್ಲ. ಅಜ್ಜಿಗೆ ಮಾತ್ರ ಹಿಂದಿನ ದಿನವೇ ಹೋಗಿ ಹೇಳಿ, ಅವರ ಮನೆ ಇರುವ ದಿಕ್ಕಿಗೆ ಹೋಗುವುದೇ ಇಲ್ಲ ಅಂತ ಮಾತು ಕೊಟ್ಟಿದ್ದೆವು. ಅವರು ಬೇಡ ಅಂದಿದ್ದರೆ ಹಾರಿಸುತ್ತಿರಲಿಲ್ಲ. ಬೇಡ ಅನ್ನಲಿಲ್ಲ. ಬೆಳಿಗ್ಗೆ ನೋಡಿದರೆ ಗದ್ದೆಯ ಅಂಚಿನಲ್ಲಿ ಶಾಲು ಹೊದ್ದು ಅವರೇ ಬಂದು ಕೂತಿದ್ದರು. ಅಪ್ಪ ಬರುವುದಿಲ್ಲ ಅಂದವರು ದನ ಕಟ್ಟುವ ನೆಪದಲ್ಲಿ ಮೇಲಿನ ದಿಬ್ಬದಲ್ಲಿ ನಿಂತಿದ್ದರು.

ಓಡಿಸುವ ಮುನ್ನ ಟ್ಯಾಂಕು ಪೂರ್ತಿ ತುಂಬಿಸಿದೆವು. ಒಂಬತ್ತು ನಿಮಿಷ ಹಾರಿತು. ಏರಿತು, ಸುತ್ತಿತು, ಒಮ್ಮೆ ಅಡಿಮೇಲೂ ಆಯಿತು. ನಾವು ವಿಮಾನ ನೋಡಲಿಲ್ಲ, ಸದ್ದು ಕೇಳುತ್ತ ನಿಂತಿದ್ದೆವು. ಇಳಿದ ಮೇಲೆ ಟ್ಯಾಂಕಿನಲ್ಲಿ ಉಳಿದದ್ದನ್ನು ಜಾಡಿಗೆ ಸುರಿದು ಅಳೆದೆವು: 500ರಲ್ಲಿ 270 ಮಿ.ಲೀ. ಮೊದಲು ಎಂಜಿನ್ ಸಾಯುತ್ತಿದ್ದ ಮಟ್ಟವನ್ನು ದಾಟಿ ಕೆಳಗೆ ಬಂದಿತ್ತು.

ಅಜ್ಜಿ ಹತ್ತಿರ ಬಂದು ವಿಮಾನದ ಬೆನ್ನು ಸವರಿದರು. "ಇದು ಪೇಪರಲ್ಲಿ ಬರ್ತದಾ?" ಅಂತ ಕೇಳಿದರು.

"ಒಂದ್ಸಲ ಬಂದಾಯ್ತಲ್ಲ ಅಜ್ಜಿ" ಅಂದೆವು.

ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ, ಜಾಡಿಯ ಪೆಟ್ರೋಲನ್ನು ಡಬ್ಬಿಗೆ ಸುರಿದುಕೊಂಡು ಮನೆಗೆ ಹೊರಟೆವು. ಮಧ್ಯಾಹ್ನ ಅಪ್ಪ ಆ ಡಬ್ಬಿಯದ್ದನ್ನೇ ಕಟ್ಟರಿಗೆ ಹಾಕಿಕೊಂಡು ತೋಟಕ್ಕೆ ಇಳಿದರು.